ಮಿಸಿಸಿಪ್ಪಿಯ ಪಡುದಂಡೆ

ಹೊಳೆಯೊಂದು ಎರಡು ನಾಡುಗಳಿಗೆ ಗಡಿಯಾಗುವುದು ನಮ್ಮ ಕಡೆಯವರಿಗೆ ಹೊಸ ವಿಷಯವಲ್ಲ. ಚಂದ್ರಗಿರಿ ಹೊಳೆಯ ಬಡಗು ದಂಡೆಗೆ ತುಳುನಾಡು ಮುಗಿಯಿತು, ತೆಂಕು ದಂಡೆಯಿಂದ ಮಲೆಯಾಳ ಸುರುವಾಯಿತು ಎಂಬ ಮಾತನ್ನು ಕೇಳುತ್ತಲೇ ನಾವು ದೊಡ್ಡವರಾದೆವು. 1956ರ ನವೆಂಬರ್ 1ರಂದು ಆ ಗಡಿ ಹೊಳೆಯನ್ನು ಬಿಟ್ಟು ಬಡಗಕ್ಕೆ ಸರಿದು ತಲಪಾಡಿಯಲ್ಲಿ ಹೋಗಿ ನಿಂತಿತು. ಊರಿನವರು ಯಾರೂ ತಮ್ಮ ಮನೆಯಂಗಳ ಬಿಟ್ಟು ಕದಲಲಿಲ್ಲ. ಗಡಿಯೇ ಅವರ ತಲೆಯ ಮೇಲಿಂದ ದಾಟಿ ಹೋಯಿತು. ಚಂದ್ರಗಿರಿಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಇದೆಲ್ಲ ಈ ವಾರ್ಷಿಕದ ಓದುಗರಿಗೆ ಬಾಯಿಪಾಠ. ನಾನು ಹೇಳಹೊರಟದ್ದು ಬೇರೊಂದು ಹೊಳೆಯ ಕತೆ. ಅಲ್ಲಿ ಗಡಿಯಿಂದ ತಪ್ಪಿಸಿಕೊಳ್ಳಲೆಂದು ಜನರು ಹೊಳೆಯನ್ನೇ ದಾಟಿ ಹೋದರು. ಆದರೂ ಗಡಿ ಅವರನ್ನು ಬಿಡಲಿಲ್ಲ.

ಅಮೆರಿಕದಲ್ಲಿರುವ ಮಗಳು ಮತ್ತು ಅಳಿಯ ಮಕ್ಕಳ ಶಾಲೆಯ ರಜೆಯಲ್ಲಿ ಒಂದು ಮನೆಬಂಡಿಯನ್ನು ಬಾಡಿಗೆಗೆ ಹಿಡಿದು ನಮ್ಮಿಬ್ಬರನ್ನು ಹತ್ತು ದಿನ ತಿರುಗಿಸಿದರು. ಅಲ್ಲಿಯವರು ಅದನ್ನು ಆರ್‌ವಿ ಎನ್ನುತ್ತಾರೆ. ನಮ್ಮ ಕಡೆಯ ಬಸ್ಸಿನಷ್ಟೇ ಉದ್ದ. ಡ್ರೈವರನ ಹಿಂದೆ ಒಂದು ಮೇಜು, ಗ್ಯಾಸಿನ ಒಲೆ, ಫ್ರಿಜ್ಜು, ಮೂಲೆಯಲ್ಲಿ ಬಚ್ಚಲು, ಹಿಂದೆ ಮತ್ತು ಮೇಲೆ ಮಲಗುವ ಅಟ್ಟಗಳು. ರಾತ್ರಿ ತಂಗಲು ಊರೂರಿನಲ್ಲಿ ಇಂಥ ಬಂಡಿಗಳಿಗೆಂದೇ ಬಯಲುಗಳಿವೆ; ಪ್ರತಿ ಬಂಡಿಗೂ ಒಂದು ನೀರಿನ ನಳ್ಳಿ, ಒಂದು ಕರೆಂಟಿನ ಪೆಟ್ಟಿಗೆ, ಕೊಳೆನೀರು ಬಿಡಲು ಒಂದು ಗುಂಡಿ. ನನ್ನಾಕೆ ಊರಿನಿಂದ ಕಟ್ಟಿಕೊಂಡು ಹೋದ ಕುಚ್ಚಿಲಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ ಆ ಒಲೆಯ ಮೇಲೆಯೇ ನಡೆಯಿತು. ಮನೆಯನ್ನೇ ಹೊತ್ತುಕೊಂಡು ಹೋಗುವ ಈ ಏರ್ಪಾಡು ನೋಡಿ ಆಕೆಗೆ ನಗು. ‘ಬಾಗಿಲು, ಒಲೆ, ಹಾಸಿಗೆ ಎಲ್ಲ ಜೊತೆಗೇ ಬರುವುದಾದರೆ ಮತ್ತೆ ಊರು ಬಿಟ್ಟ ಹಾಗೆ ಎಲ್ಲಿ ಆಯಿತು?’ ಎಂದಳು. ಈ ಮಾತು ನನಗೆ ಮರುದಿನ ಇನ್ನೊಂದು ಅರ್ಥದಲ್ಲಿ ನೆನಪಾಯಿತು.

ಸೇಂಟ್ ಲೂಯಿಸ್ ಪಟ್ಟಣಕ್ಕೆ ನಾವು ಬಂದದ್ದು ಮೂಡಿನಿಂದ. ಪಟ್ಟಣವಿರುವುದು ಮಿಸಿಸಿಪ್ಪಿ ನದಿಯ ಪಡುದಂಡೆಯಲ್ಲಿ, ಮಿಸ್ಸೂರಿ ರಾಜ್ಯದಲ್ಲಿ. ನಮ್ಮ ಬಂಡಿ ನಿಂತದ್ದು ಮೂಡುದಂಡೆಯಲ್ಲಿ, ಇಲಿನಾಯ್ ರಾಜ್ಯದಲ್ಲಿ. ನಡುವೆ ಕೆಸರಿನ ಬಣ್ಣದ ಅಗಲವಾದ ನೀರು. ಆಚೆ ದಂಡೆಯಲ್ಲಿ ಸಂಜೆಯ ಬಿಸಿಲಿಗೆ ಹೊಳೆಯುವ ಉಕ್ಕಿನ ಕಮಾನು, ಎತ್ತರ 630 ಅಡಿ. ‘ಇಷ್ಟುದ್ದದ ಬಂಡಿ ಹಿಡಿದುಕೊಂಡು ಪೇಟೆಯೊಳಗೆ ಹೋದರೆ ನಿಲ್ಲಿಸಲಿಕ್ಕೆ ಜಾಗ ಸಿಗುವುದಿಲ್ಲ ಮಾವ, ನಾಳೆ ರೈಲಿನಲ್ಲಿ ಹೋಗುವ’ ಎಂದ ಅಳಿಯ. ಆ ರೈಲು ನದಿ ದಾಟುವುದು 1874ರಲ್ಲಿ ಕಟ್ಟಿ ಮುಗಿಸಿದ ಈಡ್ಸ್ ಸೇತುವೆಯ ಮೇಲೆ. ದಾಟಲು ಕೆಲವೇ ನಿಮಿಷ. ಇಳಿಯುವ ಸ್ಟೇಶನ್ನಿಗೆ ಪಟ್ಟಣ ಕಟ್ಟಿದವನ ಹೆಸರೇ ಇದೆ, ಲಕ್ಲೀಡನ ಧಕ್ಕೆ ಎಂದು.

ಪಿಯೇರ್ ಲಕ್ಲೇದ್ ಫ್ರಾನ್ಸಿನ ತೆಂಕಣ ಬೆಟ್ಟಸೀಮೆಯಿಂದ ಬಂದ ವ್ಯಾಪಾರಿ. ನ್ಯೂ ಆರ್ಲಿಯನ್ಸಿನ ಒಂದು ಕಂಪೆನಿಯ ಪಾಲುದಾರನಾಗಿ, ಇಂಡಿಯನ್ನರ ಜೊತೆ ತುಪ್ಪಳದ ವ್ಯಾಪಾರ ಮಾಡುವ ಹಕ್ಕನ್ನು ಪಡೆದು 1763ರಲ್ಲಿ ದೋಣಿ ಏರಿ ಮೇಲಕ್ಕೆ ಬಂದ. ಆಗ ಈ ಭಾಗದ ಫ್ರೆಂಚರ ಹಳ್ಳಿಗಳೆಲ್ಲ ಹೆಚ್ಚುಕಡಿಮೆ ಮೂಡುದಂಡೆಯಲ್ಲೇ ಇದ್ದವು: ಕಹೋಕಿಯ, ಕಸ್ಕಾಸ್ಕಿಯ, ಪ್ರೇರಿ ದು ರೋಶೇ, ನಡುವೆ ಶಾರ್ತ್ರ್ ಎಂಬ ಕೋಟೆ. ಎರಡು ಮೂರು ತಲೆಮಾರಿನಿಂದ ಗೋಧಿ ಬೆಳೆದು, ದನ ಸಾಕಿ, ಸೀಸದ ಗಣಿ ತೋಡಿ ಬದುಕಿದವರು. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಕುಳಿತ ರಾಜರುಗಳು ಏಳು ವರ್ಷಗಳ ಯುದ್ಧವನ್ನು ಮುಗಿಸಿ, ಮಿಸಿಸಿಪ್ಪಿಯ ಮೂಡಿನ ನೆಲವೆಲ್ಲ ಇಂಗ್ಲಿಷರಿಗೆ ಎಂದು ಬರೆದಾಗಿತ್ತು. ಸುದ್ದಿ ಸಮುದ್ರ ದಾಟಿ, ಹೊಳೆ ಹತ್ತಿ, ಈ ಹಳ್ಳಿಗಳಿಗೆ ಬರಲು ತಿಂಗಳುಗಟ್ಟಲೆ ಬೇಕಾಯಿತು.

ಲಕ್ಲೇದ್ ಪಡುದಂಡೆಯಲ್ಲಿ ನೆರೆನೀರು ಏರದ ಸುಣ್ಣಕಲ್ಲಿನ ದಿಣ್ಣೆಯೊಂದನ್ನು ಗುರುತು ಮಾಡಿಟ್ಟು, 1764ರ ಫೆಬ್ರವರಿ ನಡುವಿನಲ್ಲಿ ಮೂವತ್ತು ಕೆಲಸಗಾರರನ್ನು ಅಲ್ಲಿಗೆ ಕಳಿಸಿದ. ಅವರ ಮೇಲ್ವಿಚಾರಕ ಹದಿನಾಲ್ಕರ ಹರೆಯದ ಹುಡುಗ, ಓಗ್ಯೂಸ್ತ್ ಶೂಟೋ. ಈ ಶೂಟೋ ಲಕ್ಲೇದನೊಡನೆ ಬಾಳುತ್ತಿದ್ದ ಮರೀ ತೆರೇಸ್ ಎಂಬವಳ ಮಗ. ಆಕೆಯ ಗಂಡ ಅವಳನ್ನು ಬಿಟ್ಟು ಹೋಗಿದ್ದ. ವಿಚ್ಛೇದನಕ್ಕೆ ಅವರ ಧರ್ಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಲಕ್ಲೇದನಿಗೆ ಹುಟ್ಟಿದ ಮಕ್ಕಳಿಗೂ ಬಿಟ್ಟುಹೋದ ಗಂಡನ ಹೆಸರೇ ಅಂಟಿಕೊಂಡಿತು. ಪಟ್ಟಣ ಕಟ್ಟಿದವನ ಹೆಸರು ಅವನ ಮಕ್ಕಳಿಗಿಲ್ಲ, ರೈಲು ಸ್ಟೇಶನ್ನಿಗುಂಟು.

ಮುದುಕನಾದ ಮೇಲೆ ಶೂಟೋ ಫ್ರೆಂಚಿನಲ್ಲಿ ಬರೆದಿಟ್ಟ ನೆನಪಿನ ಕೆಲವು ಹಾಳೆಗಳು ಉಳಿದಿವೆ. ಪಟ್ಟಣದ ಹುಟ್ಟಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಅದರಿಂದಲೇ. ಅದರಲ್ಲಿ ಒಂದು ಸಂಗತಿ ಇದೆ. ಕೆಲಸ ಸುರುವಾದ ಸ್ವಲ್ಪ ದಿನಕ್ಕೆ ಮಿಸ್ಸೂರಿಯ ಎಂಬ ಇಂಡಿಯನ್ ಪಂಗಡದವರು ಸಂಸಾರ ಸಮೇತ ಬಂದು ‘ನಾವೂ ಇಲ್ಲೇ ಇರುತ್ತೇವೆ’ ಎಂದರು. ಅವರ ಹೆಂಗಸರು ಮಕ್ಕಳಿಂದ ಲಕ್ಲೇದನ ಮನೆಯ ನೆಲಮಾಳಿಗೆಯನ್ನು ತೋಡಿಸಿ, ಮಣ್ಣು ಹೊರಿಸಿ, ಕೂಲಿಯಾಗಿ ಕುಂಕುಮಬಣ್ಣ, ದಬ್ಬಳ ಮುಂತಾದವನ್ನು ಕೊಟ್ಟರು. ಆಮೇಲೆ ಲಕ್ಲೇದ್ ಬಂದು, ನೀವು ಇಲ್ಲಿದ್ದರೆ ನಿಮ್ಮ ಶತ್ರುಗಳು ಬಂದಾರು ಎಂದು ಹೆದರಿಸಿ ಅವರನ್ನು ಸಾಗಹಾಕಿದ. ಊರಿನ ಮೊದಲ ಮಣ್ಣನ್ನು ಹೊತ್ತವರು ಊರಿನಲ್ಲಿ ಉಳಿಯಲಿಲ್ಲ.

ಮೂಡುದಂಡೆಯ ಫ್ರೆಂಚರಿಗೆ ಸುದ್ದಿ ಮುಟ್ಟಿದ್ದು ಇದೇ ಹೊತ್ತಿಗೆ. ಇಂಗ್ಲಿಷರ ಆಳ್ವಿಕೆಯಲ್ಲಿ ತಮ್ಮ ಪಾದ್ರಿಗಳಿಗೂ ಕಾನೂನಿಗೂ ಏನು ಗತಿ ಎಂದು ಹೆದರಿದ ಅನೇಕರು ಹೊಳೆ ದಾಟಿ ಲಕ್ಲೇದನ ಊರಿಗೆ ಬಂದರು. ಮನೆಯ ಹಲಗೆ, ಬಾಗಿಲು, ಕಿಟಕಿಗಳನ್ನೂ ಕಳಚಿ ದೋಣಿಗೇರಿಸಿಕೊಂಡು ಬಂದವರುಂಟು. (ನನ್ನಾಕೆಯ ಮಾತು ನೆನಪಾದದ್ದು ಇಲ್ಲಿ.) 1765ರ ಅಕ್ಟೋಬರಿನಲ್ಲಿ ಶಾರ್ತ್ರ್ ಕೋಟೆಯನ್ನು ಇಂಗ್ಲಿಷರಿಗೆ ಒಪ್ಪಿಸಿದ ಸೇಂಟ್ ಆಂಜ್ ಎಂಬ ಮುದಿ ಅಧಿಕಾರಿಯೂ ತನ್ನ ಸಿಪಾಯಿಗಳೊಡನೆ ಇಲ್ಲಿಗೇ ಬಂದ. ಫ್ರೆಂಚ್ ರಾಜನ ನೆಲದಲ್ಲಿ, ಫ್ರೆಂಚ್ ಮಾತನಾಡಿಕೊಂಡು ಇರುತ್ತೇವೆ ಎಂಬುದು ಎಲ್ಲರ ನೆಮ್ಮದಿ. ಊರಿಗೆ ಇಟ್ಟ ಹೆಸರೂ ಫ್ರಾನ್ಸಿನ ಪುಣ್ಯಪುರುಷನಾದ ರಾಜನದು.

ಅವರಿಗೆ ಗೊತ್ತಿಲ್ಲದ ಮಾತೆಂದರೆ, ಆ ಪಡುದಂಡೆ ಆಗಲೇ ಫ್ರಾನ್ಸಿನದಾಗಿರಲಿಲ್ಲ. 1762ರ ನವೆಂಬರಿನಲ್ಲೇ, ಅಂದರೆ ಊರಿಗೆ ಮೊದಲ ಗೂಟ ಹೊಡೆಯುವುದಕ್ಕೆ ಒಂದು ವರ್ಷಕ್ಕೂ ಮೊದಲೇ, ಫ್ರಾನ್ಸಿನ ರಾಜ ಅದನ್ನು ತನ್ನ ದಾಯಾದಿಯಾದ ಸ್ಪೇನಿನ ರಾಜನಿಗೆ ಗುಟ್ಟಾಗಿ ಬಿಟ್ಟುಕೊಟ್ಟಿದ್ದ. ಗುಟ್ಟು ಹೊರಬಿದ್ದದ್ದು 1764ರಲ್ಲಿ. ಗಡಿ ದಾಟಿ ಪಾರಾದೆವೆಂದು ಬೀಡುಬಿಟ್ಟವರು ಕುಳಿತದ್ದು ಇನ್ನೊಬ್ಬ ಪರದೇಶಿ ರಾಜನ ಜಾಗದಲ್ಲಿ.

ಆದರೆ ಸ್ಪೇನಿನವರಿಂದ ಅವರಿಗೆ ದೊಡ್ಡ ಉಪದ್ರವವೇನೂ ಆಗಲಿಲ್ಲ ಎನ್ನಬೇಕು. 1770ರಲ್ಲಿ ಸ್ಪೇನಿನ ಅಧಿಕಾರಿ ಬಂದು ಊರನ್ನು ವಹಿಸಿಕೊಂಡ. ಅವನ ಜೊತೆ ಬಂದದ್ದು ಒಂದಿಷ್ಟು ಸಿಪಾಯಿಗಳು ಮಾತ್ರ, ಒಕ್ಕಲುಗಳು ಬರಲಿಲ್ಲ. ಆದ್ದರಿಂದ ಸ್ಪೇನಿನ ಬಾವುಟದಡಿ ಮೂವತ್ತನಾಲ್ಕು ವರ್ಷ ಊರು ಫ್ರೆಂಚಿನಲ್ಲೇ ಬದುಕಿತು. ಮದುವೆ, ದಸ್ತಾವೇಜು, ಪಾಲುಪಟ್ಟಿ, ಏಲಂ, ಎಲ್ಲ ಕಾಗದಗಳೂ ಬಹುಪಾಲು ಫ್ರೆಂಚಿನವೇ. 1780ರ ಮೇ 26ರಂದು ಇಂಗ್ಲಿಷರ ಪ್ರೇರಣೆಯಿಂದ ಇಂಡಿಯನ್ನರ ದಂಡು ಏರಿ ಬಂದಾಗ ಸ್ಪೇನಿನ ಅಧಿಕಾರಿಯ ಕೈಕೆಳಗೆ ನಿಂತು ಊರು ಉಳಿಸಿದವರೂ ಈ ಫ್ರೆಂಚರೇ. ಇದರಿಂದ ನನಗೆ ತೋರುವ ಒಂದು ವಿಚಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾವುಟ ಬದಲಾದ ಮಾತ್ರಕ್ಕೆ ಭಾಷೆ ಹೋಗುವುದಿಲ್ಲ. ಕಚೇರಿಯ ಕಾಗದ ಬದಲಾದಾಗ, ನೆರೆಮನೆಯವರು ಬದಲಾದಾಗ ಅದರ ಬೇರು ಅಲುಗುತ್ತದೆ.

ಅದು ಅಲುಗಿದ್ದು 1804ರಲ್ಲಿ. ನೆಪೋಲಿಯನ್ 1800ರಲ್ಲಿ ಸ್ಪೇನಿನಿಂದ ಈ ಸೀಮೆಯನ್ನು ಮರಳಿ ಬರೆಸಿಕೊಂಡ. 1803ರ ಏಪ್ರಿಲ್ 30ರಂದು ಒಂದೂವರೆ ಕೋಟಿ ಡಾಲರಿಗೆ ಅಮೆರಿಕದವರಿಗೆ ಮಾರಿಬಿಟ್ಟ. ಎಂಟು ಲಕ್ಷ ಚದರ ಮೈಲಿಗೂ ಹೆಚ್ಚು ನೆಲ. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಸೇಂಟ್ ಲೂಯಿಸಿನಲ್ಲಿ ಹಸ್ತಾಂತರದ ವಿಧಿ ನಡೆದದ್ದು 1804ರ ಮಾರ್ಚ್ 9 ಮತ್ತು 10ರಂದು. ಕಾಗದದ ಪ್ರಕಾರ ಮೊದಲು ಸ್ಪೇನು ಫ್ರಾನ್ಸಿಗೆ ಒಪ್ಪಿಸಬೇಕು, ಆಮೇಲೆ ಫ್ರಾನ್ಸ್ ಅಮೆರಿಕಕ್ಕೆ. ಫ್ರಾನ್ಸಿನ ಅಧಿಕಾರಿ ಊರಲ್ಲಿಲ್ಲದ್ದರಿಂದ ಅಮೆರಿಕದ ಕ್ಯಾಪ್ಟನ್ ಸ್ಟಾಡರ್ಡನೇ ಒಂದು ದಿನದ ಮಟ್ಟಿಗೆ ಫ್ರಾನ್ಸಿನ ಪ್ರತಿನಿಧಿಯಾಗಿ ಊರನ್ನು ಪಡೆದುಕೊಂಡು, ಮರುದಿನ ತನಗೆ ತಾನೇ ಒಪ್ಪಿಸಿಕೊಂಡ! ಸ್ಪೇನಿನ ಬಾವುಟ ಇಳಿದು ಫ್ರಾನ್ಸಿನ ಬಾವುಟ ಏರಿದಾಗ ಊರಿನ ಮುದುಕರು ಕಣ್ಣೀರು ಹಾಕಿದರೆಂದೂ, ಒಂದು ರಾತ್ರಿಯಾದರೂ ಅದು ಹಾರಾಡಲಿ ಎಂದು ಬೇಡಿಕೊಂಡಾಗ ಕ್ಯಾಪ್ಟನ್ ಒಪ್ಪಿದನೆಂದೂ ಅಲ್ಲಿಯವರು ಕತೆ ಹೇಳುತ್ತಾರೆ. ಕತೆ ಎಷ್ಟು ನಿಜವೋ. ಊರಿನ ಒಟ್ಟು ಜನ ಆಗ ಸುಮಾರು ಒಂದು ಸಾವಿರ. ನಲವತ್ತು ವರ್ಷ ಒಂದೇ ಮನೆಯಲ್ಲಿ ಕುಳಿತವನು ಮೂರು ರಾಜ್ಯಗಳ ಪ್ರಜೆಯಾಗಿದ್ದ.

ಮಾರಾಟದ ಒಪ್ಪಂದದ ಮೂರನೆಯ ಕಲಮಿನಲ್ಲಿ ಅಲ್ಲಿಯ ನಿವಾಸಿಗಳಿಗೆ ಒಂದು ಭರವಸೆ ಇದೆ. ಅವರ ಸ್ವಾತಂತ್ರ್ಯ, ಅವರ ಆಸ್ತಿ, ಅವರ ಧರ್ಮ ಈ ಮೂರಕ್ಕೆ ರಕ್ಷಣೆ. ಭಾಷೆಯ ಮಾತಿಲ್ಲ. ನಮ್ಮ ಸಂವಿಧಾನದಲ್ಲಿ 1956ರ ಏಳನೆಯ ತಿದ್ದುಪಡಿಯಿಂದ 350 ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಏರ್ಪಾಡು ಮಾಡಬೇಕೆಂದು ರಾಜ್ಯಗಳಿಗೆ ಹೇಳಿದೆ. ಅದು ಎಲ್ಲೆಲ್ಲಿ ಎಷ್ಟೆಷ್ಟು ನಡೆದಿದೆ ಎಂಬುದು ಬೇರೆ ಮಾತು. ಕೇಳುವುದಕ್ಕೆ ಒಂದು ಸಾಲಾದರೂ ನಮಗುಂಟು. ಮಿಸ್ಸೂರಿಯ ಫ್ರೆಂಚರಿಗೆ ಆ ಸಾಲೂ ಇರಲಿಲ್ಲ.

ಮೊದಲು ಪೆಟ್ಟು ಬಿದ್ದದ್ದು ಜಮೀನಿನ ಮೇಲೆ. ಫ್ರೆಂಚ್, ಸ್ಪೇನ್ ಕಾಲದ ಹಕ್ಕುಪತ್ರಗಳನ್ನು ಪರಿಶೀಲಿಸಲು 1805ರಲ್ಲಿ ಅಮೆರಿಕ ಸರಕಾರ ಒಂದು ಆಯೋಗವನ್ನು ಕೂಡಿಸಿತು. ಅನೇಕರ ಹತ್ತಿರ ಸರಿಯಾದ ಪತ್ರವೇ ಇರಲಿಲ್ಲ; ಅಧಿಕಾರಿಯ ಬಾಯಿಮಾತಿನ ಮೇಲೆ ಉಳುತ್ತಾ ಬಂದವರು. ಇದ್ದ ಪತ್ರ ಹೊಸ ಅಧಿಕಾರಿಗೆ ಓದಲು ಬಾರದು. ಹೊಸ ಅಧಿಕಾರಿಯ ಪ್ರಶ್ನೆ ಇವರಿಗೆ ತಿಳಿಯದು. ನಡುವೆ ಭಾಷಾಂತರಕಾರ ಬಂದ, ಅವನ ಹಿಂದೆ ವಕೀಲ ಬಂದ. ಕೆಲವು ವ್ಯಾಜ್ಯಗಳು ಮಕ್ಕಳ ಕಾಲಕ್ಕೂ ಮುಗಿಯಲಿಲ್ಲ. ಬೇರೆ ಲಿಪಿಯ ನೋಟೀಸನ್ನು ಕೈಯಲ್ಲಿ ಹಿಡಿದು, ಓದಿ ಹೇಳುವವರನ್ನು ಹುಡುಕುತ್ತಾ ಗ್ರಾಮಕಚೇರಿಯ ಜಗಲಿಯಲ್ಲಿ ನಿಂತವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಊರಿನ ದೊಡ್ಡವರು ಬೇಗ ದಾರಿ ಕಂಡುಕೊಂಡರು. ಶೂಟೋ ಮನೆತನದವರು ಹೊಸ ಅಧಿಕಾರಿಗಳಿಗೆ ಔತಣವಿಟ್ಟರು, ಸರಕಾರದ ಹುದ್ದೆ ಪಡೆದರು, ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು, ತುಪ್ಪಳದ ವ್ಯಾಪಾರವನ್ನು ರಾಕಿ ಬೆಟ್ಟಗಳವರೆಗೆ ಹಬ್ಬಿಸಿದರು. ಆ ಮನೆತನದ ಕಿರಿಯ ಪಿಯೇರನ ಹೆಸರಿನ ಕೋಟೆಯಿಂದ ಹೆಸರು ಪಡೆದ ಊರು ಇಂದು ದಕ್ಷಿಣ ಡಕೋಟಾ ರಾಜ್ಯದ ರಾಜಧಾನಿ. ಆದರೆ ಅಲ್ಲಿಯವರು ಅದನ್ನು ‘ಪಿಯರ್’ ಎಂದೇ ಕರೆಯುತ್ತಾರೆ. ಬಡ ಫ್ರೆಂಚರಿಗೆ ಅಂಥ ದಾರಿ ಇರಲಿಲ್ಲ. 1817ರ ಆಗಸ್ಟಿನಲ್ಲಿ ಮೊದಲ ಹೊಗೆದೋಣಿ ಈ ಧಕ್ಕೆಗೆ ಬಂದು ತಾಗಿತು. ಆಮೇಲೆ ಬಂದ ಜನಪ್ರವಾಹಕ್ಕೆ ಎಣೆಯಿಲ್ಲ. 1850ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 77,860. ಅದರಲ್ಲಿ ಸುಮಾರು ಅರ್ಧ ಭಾಗ ಪರದೇಶದಲ್ಲಿ ಹುಟ್ಟಿದವರು, ಹೆಚ್ಚಾಗಿ ಜರ್ಮನರು, ಐರಿಶರು. ಬೀದಿಯ ಹೆಸರುಗಳೂ ಬದಲಾದವು. ‘ದೊಡ್ಡ ಬೀದಿ’, ‘ಇಗರ್ಜಿ ಬೀದಿ’, ‘ಕಣಜದ ಬೀದಿ’ ಎಂಬ ಅರ್ಥದ ಫ್ರೆಂಚ್ ಹೆಸರುಗಳು ಹೋಗಿ ಒಂದನೆಯ, ಎರಡನೆಯ, ಮೂರನೆಯ ಬೀದಿಗಳಾದವು.

ಉಳಿದ ಹೆಸರುಗಳ ಪಾಡು ತಮಾಷೆಯದು. ಒಡೆದ ಎದೆ ಎಂಬ ಅರ್ಥದ ‘ಕ್ರೆವ್ ಕರ್’ ಈಗ ‘ಕ್ರೀವ್ ಕೋರ್’; ‘ಗ್ರಾವ್ವಾ’ ಬೀದಿ ‘ಗ್ರಾವಾಯ್’; ಚಂದದ ಚಿಲುಮೆ ಎಂಬ ‘ಬೆಲ್‌ಫೊಂತೆನ್’ ಈಗ ‘ಬೆಲ್ ಫೌಂಟನ್’. ಬರೆಯುವುದು ಫ್ರೆಂಚಿನಂತೆ, ಕರೆಯುವುದು ಇಂಗ್ಲಿಷಿನಂತೆ. ಸರಿಯಾದ ಫ್ರೆಂಚಿನಲ್ಲಿ ಹೇಳಿದರೆ ಟ್ಯಾಕ್ಸಿಯವನಿಗೆ ತಿಳಿಯುವುದಿಲ್ಲವಂತೆ. ಮಂಜೇಶ್ವರಕ್ಕೆ ಒಂದು ‘ಅಂ’ ಸೇರಿದ್ದನ್ನು, ಕುಂಬಳೆಯ ‘ಎ’ಕಾರ ಬೋರ್ಡಿನಲ್ಲಿ ಕಳೆದುಹೋದದ್ದನ್ನು ನೋಡಿದ ನಮಗೆ ಅದು ವಿಚಿತ್ರವೆನಿಸಲಿಲ್ಲ. ಹೆಸರಾದರೂ ಉಳಿದಿದೆಯಲ್ಲ ಎಂದುಕೊಂಡೆ.

ಜರ್ಮನರ ಕತೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅವರು ಸಂಖ್ಯೆಯಲ್ಲಿ ಬಲಿಷ್ಠರು, ಅವರದೇ ಪತ್ರಿಕೆಗಳು, ಸರಕಾರಿ ಶಾಲೆಗಳಲ್ಲಿ ಜರ್ಮನ್ ಪಾಠ ಎಲ್ಲ ಇತ್ತು. 1880ರ ದಶಕದ ಕೊನೆಗೆ ಶಾಲಾ ಮಂಡಳಿ ಅದನ್ನು ನಿಲ್ಲಿಸಿತು. 1918ರಲ್ಲಿ, ಮಹಾಯುದ್ಧದ ಸಿಟ್ಟಿನಲ್ಲಿ, ಪಟ್ಟಣದ ಬರ್ಲಿನ್ ಬೀದಿ ಅಮೆರಿಕದ ಸೇನಾಪತಿ ಪರ್ಶಿಂಗನ ಹೆಸರಿಗೆ ತಿರುಗಿತು. ಸಂಖ್ಯಾಬಲವೊಂದೇ ಭಾಷೆಯನ್ನು ಕಾಯುವುದಿಲ್ಲ ಎಂಬುದಕ್ಕೆ ಇದೂ ಸಾಕ್ಷಿ.

ಇನ್ನು ಕಮಾನು. ರೈಲಿಳಿದು ಸ್ವಲ್ಪ ನಡೆದರೆ ಹಸುರು ಹುಲ್ಲಿನ ವಿಶಾಲವಾದ ಬಯಲು. ನಡುವೆ ಈ ಕಮಾನು. ಈರೋ ಸಾರಿನೆನ್ ಎಂಬ ವಾಸ್ತುಶಿಲ್ಪಿಯ ಕಲ್ಪನೆ. ಅವನು 1961ರಲ್ಲಿ ತೀರಿಹೋದ, ಕಮಾನು ಮುಗಿದದ್ದು 1965ರ ಅಕ್ಟೋಬರ್ 28ರಂದು. ಒಳಗೆ ಪೊಳ್ಳು. ಎಂಟು ಪುಟ್ಟ ಗೂಡುಗಳ ಒಂದು ರೈಲು ಪ್ರತಿ ಕಾಲಿನೊಳಗೂ ಏರುತ್ತದೆ. ಒಂದೊಂದು ಗೂಡಿನಲ್ಲಿ ಐದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ನಾಲ್ಕು ನಿಮಿಷಕ್ಕೆ ತುದಿ. ಮೇಲೆ ಕಿರುಗಂಡಿಗಳಿಂದ ಒಂದು ಕಡೆ ಪಟ್ಟಣ, ಇನ್ನೊಂದು ಕಡೆ ನದಿ, ಆಚೆ ನಮ್ಮ ಮನೆಬಂಡಿಗಳ ಬಯಲು. ಮೊಮ್ಮಗಳು ‘ಅಜ್ಜ, ನಮ್ಮ ಬಂಡಿ ಕಾಣ್ತದಾ?’ ಎಂದು ಕೇಳಿದಳು. ಇವಳಿಗೆ ಇಷ್ಟು ಕನ್ನಡ ಉಳಿದಿದೆಯಲ್ಲ ಎಂದು ನನಗೆ ಬಂಡಿಗಿಂತ ಅದೇ ದೊಡ್ಡದಾಗಿ ಕಂಡಿತು.

ಪಡುವಣಕ್ಕೆ ಹೊರಟ ಅಮೆರಿಕನರ ಹೆಬ್ಬಾಗಿಲು ಎಂಬ ನೆನಪಿಗೆ ಈ ಕಮಾನು. ಇದನ್ನು ನಿಲ್ಲಿಸಲು ಬಯಲು ಮಾಡಿದ್ದು ಲಕ್ಲೇದನ ಊರು ಇದ್ದ ಜಾಗವನ್ನೇ. 1939ರಿಂದ ಮೂರು ವರ್ಷಗಳಲ್ಲಿ ನದೀದಡದ ನಲವತ್ತು ಚೌಕಗಳಷ್ಟು ಹಳೆಯ ಕಟ್ಟಡಗಳನ್ನು ಕೆಡವಿದರು. ನಿಜ ಹೇಳುವುದಾದರೆ ಫ್ರೆಂಚರ ಕಾಲದ ಮರದ ಮನೆಗಳು ಆಗ ಉಳಿದಿರಲಿಲ್ಲ. 1849ರ ಮೇ 17ರ ರಾತ್ರಿ ‘ವೈಟ್ ಕ್ಲೌಡ್’ ಎಂಬ ಹೊಗೆದೋಣಿಗೆ ಹತ್ತಿದ ಬೆಂಕಿ ಇಪ್ಪತ್ತಮೂರು ಹೊಗೆದೋಣಿಗಳನ್ನೂ ನಾನೂರಕ್ಕೂ ಮೀರಿದ ಕಟ್ಟಡಗಳನ್ನೂ ತಿಂದಿತ್ತು. ಅದೇ ವರ್ಷ ಕಾಲರಾ ಬಂದು ಸಾವಿರಗಟ್ಟಲೆ ಜನ ಸತ್ತರು. ಆದರೂ ಬೀದಿಗಳ ಎಳೆ ಇತ್ತು. ಅದೂ ಈಗ ಹುಲ್ಲಿನ ಕೆಳಗೆ. ಬಯಲಿನ ಅಂಚಿನಲ್ಲಿ ಉಳಿದದ್ದು 1834ರ ಹಳೆಯ ಕೆಥೆಡ್ರಲ್ ಮಾತ್ರ. ಊರು ಹುಟ್ಟಿದಾಗ ಇಗರ್ಜಿಗೆಂದು ಗುರುತಿಸಿಟ್ಟ ಜಾಗದಲ್ಲೇ ಅದು ನಿಂತಿದೆ.

ಕಮಾನಿನಿಂದ ನೇರ ಎದುರಿಗೆ ಹಸುರು ಗುಮ್ಮಟದ ಹಳೆಯ ನ್ಯಾಯಾಲಯ. ದುರಸ್ತಿಯ ನಂತರ 2025ರ ಮೇ ತಿಂಗಳಲ್ಲಿ ಮತ್ತೆ ತೆರೆದಿತ್ತು. ನಾವು ಹೋದದ್ದು ಆಮೇಲೆ. ಈ ಜಾಗವನ್ನು ದಾನ ಕೊಟ್ಟವರಲ್ಲಿ ಓಗ್ಯೂಸ್ತ್ ಶೂಟೋ ಒಬ್ಬ. ಇಲ್ಲಿಗೆ ಬಂದ ಮೇಲೆ ನನ್ನ ಮನಸ್ಸಿನಲ್ಲಿ ಫ್ರೆಂಚರ ಬಗ್ಗೆ ಬೆಳೆದಿದ್ದ ಸಹಾನುಭೂತಿ ಸ್ವಲ್ಪ ತಡೆಯಿತು. ಒಪ್ಪಂದದ ಮೂರನೆಯ ಕಲಮು ಕಾಯುತ್ತೇನೆಂದ ‘ಆಸ್ತಿ’ಯಲ್ಲಿ ಮನುಷ್ಯರೂ ಸೇರಿದ್ದರು. ಶೂಟೋ ಮನೆತನದವರು ಗುಲಾಮರನ್ನು ಇಟ್ಟುಕೊಂಡವರು. ಮರೀ ಜಾನ್ ಸಿಪಿಯೋನ್ ಎಂಬ ಗುಲಾಮ ಹೆಂಗಸಿನ ಮಕ್ಕಳು ‘ನಮ್ಮ ಅಜ್ಜಿ ಇಂಡಿಯನ್ ಹೆಂಗಸು, ಸ್ಪೇನಿನ ಕಾನೂನು 1769ರಲ್ಲೇ ಇಂಡಿಯನ್ನರನ್ನು ಗುಲಾಮರನ್ನಾಗಿಸುವುದನ್ನು ನಿಷೇಧಿಸಿದೆ, ಆದ್ದರಿಂದ ನಾವು ಸ್ವತಂತ್ರರು’ ಎಂದು 1805ರಲ್ಲಿ ವ್ಯಾಜ್ಯ ಹೂಡಿದರು. ಎದುರಾಳಿಗಳಲ್ಲಿ ಪಿಯೇರ್ ಶೂಟೋ ಒಬ್ಬ. 1836ರಲ್ಲಿ ಪಂಚರು ಅವರ ಪರವಾಗಿ ಹೇಳಿದರು; 1838ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಅದು ನಿಂತಿತು. ಮೂವತ್ತಮೂರು ವರ್ಷದ ವ್ಯಾಜ್ಯ. ಹೋದ ರಾಜ್ಯದ ಕಾನೂನು ಫ್ರೆಂಚ್ ಜಮೀನ್ದಾರನಿಗೂ ಬೇಕಾಗಿತ್ತು, ಅವನ ಗುಲಾಮಳಿಗೂ ಬೇಕಾಗಿತ್ತು. ಒಬ್ಬನಿಗೆ ನೆಲಕ್ಕಾಗಿ, ಇನ್ನೊಬ್ಬಳಿಗೆ ಮೈಗಾಗಿ.

ಇದೇ ಕಟ್ಟಡದಲ್ಲಿ ಡ್ರೆಡ್ ಸ್ಕಾಟ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ ಅವರ ವ್ಯಾಜ್ಯ ನಡೆಯಿತು. ಯಜಮಾನ ತನ್ನನ್ನು ಗುಲಾಮಗಿರಿ ಇಲ್ಲದ ಇಲಿನಾಯ್ ರಾಜ್ಯದಲ್ಲೂ ವಿಸ್ಕಾನ್ಸಿನ್ ಸೀಮೆಯಲ್ಲೂ ಇಟ್ಟುಕೊಂಡಿದ್ದರಿಂದ ತಾನು ಸ್ವತಂತ್ರ ಎಂಬುದು ಸ್ಕಾಟನ ವಾದ. 1846ರ ಏಪ್ರಿಲಿನಲ್ಲಿ ದಾವೆ, 1847ರಲ್ಲಿ ಸೋಲು, 1850ರಲ್ಲಿ ಇಲ್ಲೇ ಗೆಲುವು, 1852ರಲ್ಲಿ ರಾಜ್ಯದ ಮೇಲಿನ ಕೋರ್ಟಿನಲ್ಲಿ ಮತ್ತೆ ಸೋಲು. ಕೊನೆಗೆ 1857ರ ಮಾರ್ಚ್ 6ರಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು, ಕರಿಯರು ಈ ದೇಶದ ನಾಗರಿಕರೇ ಅಲ್ಲ, ಆದ್ದರಿಂದ ಅವನಿಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂದುಬಿಟ್ಟಿತು. ಆ ತೀರ್ಪು ನಾಲ್ಕು ವರ್ಷದಲ್ಲಿ ಸುರುವಾದ ಅಂತರ್ಯುದ್ಧದ ಕಾರಣಗಳಲ್ಲಿ ಒಂದು. ಅದೇ ವರ್ಷ ಮೇ ತಿಂಗಳಲ್ಲಿ ಹಳೆಯ ಯಜಮಾನರ ಮನೆಯವನೊಬ್ಬ ಸ್ಕಾಟ್ ಸಂಸಾರವನ್ನು ಬಿಡುಗಡೆ ಮಾಡಿದ. ಮರುವರ್ಷವೇ ಡ್ರೆಡ್ ಸ್ಕಾಟ್ ತೀರಿಹೋದ.

ನಾವು ಬೆಳಿಗ್ಗೆ ನಾಲ್ಕು ನಿಮಿಷದಲ್ಲಿ ದಾಟಿ ಬಂದ ಹೊಳೆ ಆಗ ಇಂಥ ಗಡಿ. ಪಡುದಂಡೆಯಲ್ಲಿ ಗುಲಾಮ, ಮೂಡುದಂಡೆಯಲ್ಲಿ ಸ್ವತಂತ್ರ. 1855ರ ಮೇ ತಿಂಗಳ ಒಂದು ಇರುಳು ಮೇರಿ ಮೀಚಮ್ ಎಂಬ ಕರಿಯ ಹೆಂಗಸಿನ ನೆರವಿನಿಂದ ಕೆಲವರು ದೋಣಿಯಲ್ಲಿ ದಾಟಿದರು. ಆಚೆ ದಡದಲ್ಲಿ ಕಾದಿದ್ದವರು ಅವರಲ್ಲಿ ಹಲವರನ್ನು ಹಿಡಿದರು. ಈ ಮೇರಿಯ ಗಂಡ ಜಾನ್ ಬೆರಿ ಮೀಚಮ್ ಪಾದ್ರಿ, ಶಾಲೆ ನಡೆಸುತ್ತಿದ್ದವನು. 1847ರಲ್ಲಿ ಮಿಸ್ಸೂರಿ ಸರಕಾರ ಕರಿಯರಿಗೆ ಓದುಬರಹ ಕಲಿಸುವುದೇ ಅಪರಾಧವೆಂದು ಕಾನೂನು ಮಾಡಿತು. ಆಗ ಅವನು ಒಂದು ಹೊಗೆದೋಣಿಯನ್ನು ಪಡೆದು, ರಾಜ್ಯದ ಕಾನೂನು ತಾಗದ ನದಿಯ ನಡುವೆ ನಿಲ್ಲಿಸಿ, ಮಕ್ಕಳನ್ನು ದೋಣಿಯಲ್ಲಿ ಕರೆದೊಯ್ದು ಪಾಠ ಹೇಳಿದನೆಂದು ಅಲ್ಲಿಯ ಕರಿಯ ಸಮಾಜ ಹೇಳಿಕೊಂಡು ಬಂದಿದೆ. ಮಕ್ಕಳು ಸಾಕಷ್ಟಿಲ್ಲ, ಅಧ್ಯಾಪಕರಿಲ್ಲ ಎಂದು ನಮ್ಮ ಕನ್ನಡ ತರಗತಿಗಳು ತತ್ತರಿಸುವುದನ್ನು ಕಂಡ ನನಗೆ ಆ ದೋಣಿಶಾಲೆಯ ಸಂಗತಿ ಆ ದಿನ ನೋಡಿದ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ನಿಂತಿತು. ನಮ್ಮ ಕಷ್ಟವನ್ನು ಅವರ ಕಷ್ಟದ ಪಕ್ಕದಲ್ಲಿ ಇಡುವುದು ಸರಿಯಲ್ಲ, ಅದು ಗೊತ್ತು.

ಸಂಜೆ ಮರಳುವಾಗ ಸೇತುವೆಯನ್ನು ಸರಿಯಾಗಿ ನೋಡಿದೆವು. ಜೇಮ್ಸ್ ಈಡ್ಸ್ ಸೇತುವೆ ಕಟ್ಟಿ ಅನುಭವವಿದ್ದವನಲ್ಲ. ಮುಳುಗಿದ ಹೊಗೆದೋಣಿಗಳಿಂದ ಸರಕು ಎತ್ತುವುದು ಅವನ ಕಸುಬಾಗಿತ್ತು. ನದಿಯ ತಳದಲ್ಲಿ ನಡೆದಾಡಿದವನಾದ್ದರಿಂದ ಅಲ್ಲಿಯ ಮರಳು ಪ್ರವಾಹ ಬಂದಾಗ ಎಷ್ಟು ಆಳ ಕದಲುತ್ತದೆಂದು ಅವನಿಗೆ ತಿಳಿದಿತ್ತು. ಕಂಬಗಳನ್ನು ಬಂಡೆಗೇ ಇಳಿಸಬೇಕೆಂದು ಹಟ ಹಿಡಿದ. ಒತ್ತಿದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ಇಳಿದು ಅಗೆದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ, ಮೇಲೆ ಬಂದೊಡನೆ ಕೈಕಾಲು ಸೆಟೆದು ಸತ್ತರು. ಅದು ಏಕೆಂದು ಆಗ ವೈದ್ಯರಿಗೂ ತಿಳಿದಿರಲಿಲ್ಲ. ಸೇತುವೆ ಮುಗಿದಾಗ ಜನಕ್ಕೆ ನಂಬಿಕೆ ಬರಲೆಂದು ಮೊದಲು ಒಂದು ಆನೆಯನ್ನು ನಡೆಸಿದರು. ಗಟ್ಟಿಯಿಲ್ಲದ ಜಾಗಕ್ಕೆ ಆನೆ ಕಾಲಿಡದು ಎಂಬ ನಂಬಿಕೆ ಅಲ್ಲಿಯೂ ಇತ್ತು. ಆಮೇಲೆ ಹದಿನಾಲ್ಕು ರೈಲು ಇಂಜಿನುಗಳನ್ನು ಓಡಿಸಿ ಪರೀಕ್ಷೆ. 1874ರ ಜುಲೈ 4ರಂದು ಸೇತುವೆ ತೆರೆಯಿತು.

ಮರುದಿನ ನಮ್ಮ ದಂಡೆಯಲ್ಲೇ ಇರುವ ಕಹೋಕಿಯ ದಿಣ್ಣೆಗಳಿಗೆ ಹೋದೆವು. ಫ್ರೆಂಚರಿಗಿಂತ ಆರು ಏಳು ನೂರು ವರ್ಷ ಮೊದಲೇ ಇಲ್ಲಿ ಹತ್ತಿಪ್ಪತ್ತು ಸಾವಿರ ಜನರ ಪಟ್ಟಣವಿತ್ತು. ದೊಡ್ಡ ದಿಣ್ಣೆಯ ಎತ್ತರ ನೂರು ಅಡಿ, ತಳದ ವಿಸ್ತಾರ ಸುಮಾರು ಹದಿನಾಲ್ಕು ಎಕರೆ. ಎಲ್ಲ ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು. 1350ರ ಸುಮಾರಿಗೆ ಊರು ಬರಿದಾಯಿತು. ಕಟ್ಟಿದವರು ತಮ್ಮ ಊರನ್ನು ಏನೆಂದು ಕರೆದರೋ, ಯಾವ ಮಾತನ್ನಾಡಿದರೋ. ‘ಕಹೋಕಿಯ’ ಎಂಬುದು ಬಹುಕಾಲದ ನಂತರ ಅಲ್ಲಿದ್ದ ಪಂಗಡವೊಂದರ ಹೆಸರು. ಆಚೆ ದಂಡೆಯಲ್ಲೂ ಇಂಥ ದಿಣ್ಣೆಗಳಿದ್ದವು. ಅಲ್ಲಿಯ ದೊಡ್ಡ ದಿಣ್ಣೆಯನ್ನು 1869ರ ಹೊತ್ತಿಗೆ ಅಗೆದು ಮುಗಿಸಿದರು. ಉಳಿದ ಒಂದು ದ���ಣ್ಣೆಯ ಭಾಗವನ್ನು 2009ರಲ್ಲಿ ಓಸೇಜ್ ಇಂಡಿಯನ್ನರು ದುಡ್ಡು ಕೊಟ್ಟು ಕೊಂಡುಕೊಂಡರು, ತಮ್ಮ ಹಿರಿಯರದ್ದೆಂದು.

ಬಂಡಿಯ ಕೊಳೆನೀರು ಖಾಲಿ ಮಾಡಿ, ನಳ್ಳಿಯ ಪೈಪು ಸುತ್ತಿಟ್ಟು, ನದಿಯ ಪಡುದಂಡೆ ಹಿಡಿದು ತೆಂಕಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಸೇಂಟ್ ಜೆನವೀವ್ ಎಂಬ ಸಣ್ಣ ಪೇಟೆ. 1750ರ ಸುಮಾರಿಗೆ ಹುಟ್ಟಿದ ಊರು; 1785ರ ಮಹಾನೆರೆಯ ನಂತರ ಎತ್ತರದ ಜಾಗಕ್ಕೆ ಸರಿಯಿತು. ಸೇಂಟ್ ಲೂಯಿಸಿನಲ್ಲಿ ಕಾಣದೆ ಹೋದ ಫ್ರೆಂಚ್ ಮನೆಗಳು ಇಲ್ಲಿ ಇಂದಿಗೂ ಇವೆ. ಮರದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಸಂದಿಗೆ ಮಣ್ಣು ಹುಲ್ಲು ಮೆತ್ತಿದ ಗೋಡೆ, ಇಳಿಜಾರು ಮಾಡು, ಸುತ್ತ ಅಗಲವಾದ ಜಗಲಿ. ಮಳೆಯ ನಾಡಿನವರಾದ ನಮಗೆ ಆ ಜಗಲಿಯಲ್ಲಿ ಕುಳಿತಾಗ ಪರಸ್ಥಳ ಎನಿಸಲಿಲ್ಲ.

ಅಂಥದ್ದೊಂದು ಮನೆಯನ್ನು ತೋರಿಸುತ್ತಿದ್ದ ವಯಸ್ಸಾದ ಹೆಂಗಸನ್ನು ಮಗಳ ಮೂಲಕ ಕೇಳಿದೆ: ಈಗ ಇಲ್ಲಿ ಫ್ರೆಂಚ್ ಮಾತನಾಡುವವರಿದ್ದಾರೆಯೇ? ಇಲ್ಲ ಎಂದರು. ಪಡುವಣದ ಬೆಟ್ಟಗಳಲ್ಲಿ ಓಲ್ಡ್ ಮೈನ್ಸ್ ಎಂಬ ಗಣಿಹಳ್ಳಿಯ ಸುತ್ತ ಹೆಚ್ಚು ಕಾಲ ಉಳಿದಿತ್ತಂತೆ. ಅದು ನನಗೂ ಓದಿ ತಿಳಿದಿತ್ತು. 1930ರ ದಶಕದಲ್ಲಿ ಜೋಸೆಫ್ ಕಾರಿಯೇರ್ ಎಂಬ ವಿದ್ವಾಂಸ ಆ ಹಳ್ಳಿಗಳಿಗೆ ಹೋಗಿ, ಗಣಿ ಕೆಲಸದವರ ಬಾಯಿಂದ ಕೇಳಿದ ಅಜ್ಜಿಕತೆಗಳನ್ನು ಅವರ ಆಡುಮಾತಿನಲ್ಲೇ ಬರೆದುಕೊಂಡು 1937ರಲ್ಲಿ ಪುಸ್ತಕ ಮಾಡಿದ. ಅವನು ಹೋದಾಗ ಆ ಮಾತನ್ನಾಡುವ ಸಂಸಾರಗಳು ನೂರಾರು ಇದ್ದವು. ಆದರೆ ಶಾಲೆಯಲ್ಲಿ ಅದು ಇರಲಿಲ್ಲ, ಮುದ್ರಣದಲ್ಲಿ ಇರಲಿಲ್ಲ. ಹೊರಗಿನವರು ‘ಪಾಪಾ ಫ್ರೆಂಚ್’ ಎಂದು, ಅಲ್ಲಿ ಬೆಳೆಯುವ ಒಂದು ಕಾಡುಹಣ್ಣಿನ ಹೆಸರಿನಿಂದ ಹಾಸ್ಯ ಮಾಡುತ್ತಿದ್ದರು. ಮಕ್ಕಳು ನಾಚಿದರು. ಮುಂದಿನ ತಲೆಮಾರಿಗೆ ಕೆಲವು ಮುದುಕರು ಮಾತ್ರ ಉಳಿದರು.

‘ಆದರೆ ಹಾಡು ಇದೆ’ ಎಂದರು ಆ ಹೆಂಗಸು. ಡಿಸೆಂಬರ್ 31ರ ರಾತ್ರಿ ಗಂಡಸರು ವೇಷ ಹಾಕಿ, ಪಿಟೀಲು ಹಿಡಿದು ಮನೆಮನೆಗೆ ಹೋಗಿ ‘ಗಿಯೋನೇ’ ಎಂಬ ಹಾಡು ಹೇಳುವ ರೂಢಿ ಇಲ್ಲಿಯೂ, ಹೊಳೆಯಾಚೆಯ ಪ್ರೇರಿ ದು ರೋಶೇಯಲ್ಲಿಯೂ ತಪ್ಪಿಲ್ಲವಂತೆ. ಯಜಮಾನನಿಗೂ ಯಜಮಾನತಿಗೂ ಶುಭ ಕೋರಿ ತಿನ್ನಲು ಕುಡಿಯಲು ಬೇಡುವ ಹಾಡು. ನಮ್ಮ ಆಟಿ ಕಳೆಂಜ ಮನೆಯಂಗಳಕ್ಕೆ ಬಂದು ಅಕ್ಕಿ ಪಡೆದು ಹೋಗುವುದನ್ನು ಮಗಳು ಅವರಿಗೆ ವಿವರಿಸಿದಳು. ಅವರಿಗೆ ಖುಷಿಯಾಯಿತು. ‘ಹೇಳುವವರಿಗೆ ಹಾಡಿನ ಅರ್ಥ ಗೊತ್ತಿದೆಯೇ?’ ಎಂದು ನಾನು ಕೇಳಿದೆ. ‘ಒಟ್ಟು ಏನೆಂದು ಗೊತ್ತು. ಒಂದೊಂದು ಶಬ್ದ ಹಿಡಿದು ಕೇಳಿದರೆ ಹೇಳಲಾರರು. ಅಪ್ಪನಿಂದ ಬಾಯಿಪಾಠ ಕಲಿತದ್ದು’ ಎಂದು ಹೇಳಿ, ಜಗಲಿಯಲ್ಲಿ ನಿಂತು ಎರಡು ಸಾಲು ಮೆಲ್ಲಗೆ ಹಾಡಿ ತೋರಿಸಿದರು. ಮೊಮ್ಮಗಳು ಅವರ ಬಾಯಿಯನ್ನೇ ನೋಡುತ್ತಿದ್ದಳು. ಬಂಡಿಗೆ ಮರಳಿದ ಮೇಲೆ, ಗಂಜಿಗೆ ನೀರಿಡುತ್ತಿದ್ದ ಅಜ್ಜಿಯ ಬಳಿ ನಿಂತು, ಅರ್ಥವಾಗದ ಆ ಎರಡು ಸಾಲುಗಳನ್ನು ಅದೇ ರಾಗದಲ್ಲಿ ಹೇಳುತ್ತಿದ್ದುದು ನನಗೆ ಹೊರಗೆ ಕೇಳಿಸುತ್ತಿತ್ತು.